ಅಂಬೇವಾಡಿ ಓಣಿಯ ಡಿಟಾಕ್ಸ್ ಸುಮಿತಾ

ಡಿಟಾಕ್ಸ್ ಸುಮಿತಾನ ಮನಿ ಎಲ್ಲಿ ಅಂದ್ರ ಅಂಬೇವಾಡಿ ಓಣ್ಯಾಗ ನಾಯಿ ಸೈತ ದಾರಿ ತೋರಸ್ತಾವ. ಡಿಟಾಕ್ಸ್ ಅಂದ್ರ ಮೈಯಾಗಿನ ಹೊಲಸು ತಗಿಯೂದಂತ, ಹೊಳಿ ದಂಡಿ ರೆಸಾರ್ಟಿನ ಬೋರ್ಡ್ ನೋಡಿ ಆಕಿ ಕಲ್ತ ಮಾತದು. ನಮ್ಮವ್ವ ಅದಕ್ಕ ಲಂಘನಾ ಅಂತಿದ್ಲು, ಉಪಾಸ ಕೆಡವಿ ಗಂಜಿ ಕುಡಸ್ತಿದ್ಲು, ಇರ್ಲಿ ಬಿಡು. ಸುಮಿತಾ ತನ್ನ ಮಗಳ ಫೋನ್ ಅಕ್ಕಿ ಡಬ್ಬ್ಯಾಗ ಹುಗದು "ಕಣ್ಣಿಗೆ ಡಿಟಾಕ್ಸ್" ಅಂತಾಳ, ಅತ್ತಿ ಧಾರಾವಾಹಿ ಬಂದ್ ಮಾಡಿ "ಮನಸ್ಸಿಗೆ ಡಿಟಾಕ್ಸ್" ಅಂತಾಳ. ಹೊತ್ತು ಮುಳಗೂದ ತಡಾ, ಕೊಡಾ ತುಂಬ ಹಾಗಲಕಾಯಿ ರಸಾ ತಂದು ಕಟ್ಟಿ ಮ್ಯಾಲಿಟ್ಟು, "ಬರ್ರಿ, ಲೋಟಾ ತರ್ರಿ" ಅಂತ ಓಣಿಗೆಲ್ಲಾ ಒದರ್ತಾಳ. "ನಾ ಏನ್ ಪಾಪಾ ಮಾಡೇನವಾ, ಈ ಕಹಿ ಕುಡ್ಯಾಕ?" ಅಂತ ಬಾಜೂಮನಿ ಕಾಶೆವ್ವ ದಿನಾ ಬೈತಾಳ, ದಿನಾ ಕುಡೀತಾಳ. ಯಾಕಂದ್ರ ಅದ ಹೊತ್ತಿಗೆ ಸುಮಿತಾನ ಗಂಡ ಅಂದಾನೆಪ್ಪನ ಕಾಲು ಸೆರೆ ಅಂಗಡಿ ಕಡೆ ಎಳೀತಾವ. ಕುಡಿಯೂದು ಬಿಡಾಕಂತ ದವಾಖಾನ್ಯಾಗಿದ್ದು ಈಗ ಮನಿಗೆ ಬಂದಾನ; ಡಾಕ್ಟರ್ ಕೊಟ್ಟ ಗುಳಿಗಿ ಬ್ಯಾರೆ ಅದಾವ, ಆದ್ರ ಸಂಜಿಮುಂದ ಅಂವಗ ನಾಕ ಮಂದಿ ಜೋಡಿ ಬೇಕು, ಕೈಯಾಗೊಂದು ಲೋಟಾ ಬೇಕು. ಎಲ್ಲಾರಿಗೂ ಲೋಟಾ ತುಂಬಿ ಕೊಡೂ ಸುಮಿತಾ ಅಂವಗಷ್ಟ ಅರ್ಧಾ ಹಾಕ್ತಾಳ. ಅಂವನ ಕೈ ಇನ್ನೂ ನಡಗ್ತಾವ, ಮಂದಿ ಮುಂದ ಚೆಲ್ಲಬಾರದಲ್ಲ.