ಚಿಕ್ಕಮ್ಮನ ಧಾರಾವಾಹಿಯ ಕೊನೆಯ ಹತ್ತು ನಿಮಿಷ

ಮೊನ್ನೆ ಪಕ್ಕದ ಮನೆಗೆ ಹೊಸ ಟಿವಿ ಬಂತು. ಪೆಟ್ಟಿಗೆ ಬಿಚ್ಚಲು ನನ್ನನ್ನೂ ಕರೆದಿದ್ದರು. ಥರ್ಮಾಕೋಲ್ ಎಳೆದಾಗ ಹೊಸ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು ನೋಡಿ, ನನಗೆ ಕೊಪ್ಪದ ಚಿಕ್ಕಪ್ಪನ ಡಿವಿಆರ್ ನೆನಪಾಯಿತು.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಚಿಕ್ಕಪ್ಪ ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿ ಆಗಷ್ಟೇ ನಿವೃತ್ತರಾಗಿದ್ದರು. ಸಂಜೆ ಏಳಕ್ಕೆ ಅವರಿಗೆ ವಾರ್ತೆ ಬೇಕು, ಚಿಕ್ಕಮ್ಮನಿಗೆ ಅದೇ ಏಳಕ್ಕೆ ಧಾರಾವಾಹಿ ಬೇಕು, ಇದ್ದದ್ದು ಒಂದೇ ಟಿವಿ. ಕೊನೆಗೆ ಚಿಕ್ಕಪ್ಪ ಶಿವಮೊಗ್ಗದಿಂದ ಈ ಯಂತ್ರ ತಂದರು. ಸಮಯ ಹೇಳಿಟ್ಟರೆ ತಾನೇ ಧಾರಾವಾಹಿ ಹಿಡಿದಿಡುತ್ತದೆ. ಮರುದಿನ ಮಧ್ಯಾಹ್ನ ಚಿಕ್ಕಮ್ಮ ನೆರೆಮನೆಯ ಇಬ್ಬರು ಹೆಂಗಸರನ್ನು ಕೂರಿಸಿಕೊಂಡು ನೋಡಬಹುದು.

ಯಂತ್ರ ಮಾಡಿದ್ದು ಬೇರೆ. ಮೊದಲ ಹತ್ತು ನಿಮಿಷ ಯಾವುದೋ ಅಡುಗೆ ಕಾರ್ಯಕ್ರಮ ತೋರಿಸಿ, ಆಮೇಲೆ ಧಾರಾವಾಹಿ ಹಾಕಿ, ಸೊಸೆ ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ ನಿಂತುಬಿಡುತ್ತಿತ್ತು. ಚಿಕ್ಕಮ್ಮ ಧೃತಿಗೆಡಲಿಲ್ಲ. ಉಳಿದ ಕಥೆಯನ್ನು ತಾವೇ ಹೇಳುತ್ತಿದ್ದರು. ಒಂದೇ ವಾರದಲ್ಲಿ ಅತ್ತೆಯನ್ನು ಎರಡು ಸಲ ಸಾಯಿಸಿದರು. ಮರುದಿನ ಅತ್ತೆ ಟಿವಿಯಲ್ಲಿ ಓಡಾಡಿಕೊಂಡಿದ್ದರೂ ನೆರೆಯವರು ಬೇಸರಿಸಲಿಲ್ಲ.

ಬೇಸರವಾದದ್ದು ಚಿಕ್ಕಪ್ಪನಿಗೆ. ನರಸಿಂಹರಾಜಪುರದಲ್ಲಿ ನಾಲ್ಕು ಜನರಿಗೆ ಕಂಪ್ಯೂಟರ್ ಕಲಿಸುತ್ತಿದ್ದ ನನ್ನನ್ನು ಕರೆಸಿದರು. ನಾನು ಕೇಬಲ್ ಬದಲಿಸಿದೆ, ಯಂತ್ರಕ್ಕೆ ಟೇಬಲ್ ಫ್ಯಾನ್ ಹಿಡಿದೆ, ಕೈಪಿಡಿಯನ್ನು ಅರ್ಥವಾದವನಂತೆ ಓದಿದೆ. ಏನೂ ಆಗಲಿಲ್ಲ. ಚಿಕ್ಕಪ್ಪ ಅದನ್ನು ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಶೃಂಗೇರಿಯ ರಿಪೇರಿಯವನಲ್ಲಿಗೆ ಒಯ್ದರು. ಅಲ್ಲಿ ಸರಿಯಾಗಿ ನಡೆಯಿತು. ನನ್ನ ಮನೆಗೆ ತಂದೆ, ಅಲ್ಲೂ ನಡೆಯಿತು. ಕೊಪ್ಪಕ್ಕೆ ಮರಳಿದರೆ ಮತ್ತೆ ಅಡುಗೆ ಕಾರ್ಯಕ್ರಮ.

ದೋಷ ಕೊಪ್ಪದ ಕರೆಂಟಿನದು ಎಂದು ನಾನು ಗಂಭೀರವಾಗಿ ತೀರ್ಪು ಕೊಟ್ಟೆ. ಸ್ಟೆಬಿಲೈಜರ್ ಬಂತು. ಹಿತ್ತಿಲಲ್ಲಿ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ ಅರ್ತಿಂಗ್ ಮಾಡಿಸಿದೆವು. ಆ ಗುಂಡಿಗೆ ದಿನಾ ನೀರು ಹಾಕಬೇಕೆಂದೂ ನಾನೇ ಹೇಳಿದ್ದೆ. ಚಿಕ್ಕಮ್ಮ ತುಳಸಿಗೆ ಎರೆದು ಉಳಿದದ್ದನ್ನು ಅದಕ್ಕೂ ಎರೆಯುತ್ತಿದ್ದರು.

ಒಂದು ಸಂಜೆ ಅಲ್ಲೇ ಕೂತಿದ್ದೆ. ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತು. ಟಿವಿಯಲ್ಲಿ ಮಾತ್ರ ವಾರ್ತೆಯ ಸುದ್ದಿಯೇ ಇಲ್ಲ. ವಾರ್ತೆ ಶುರುವಾದಾಗ ಗೋಡೆ ಗಡಿಯಾರ ಏಳು ಹತ್ತು ತೋರಿಸುತ್ತಿತ್ತು. ಕರೆಂಟು ಹೋದಾಗ, ಪ್ಲಗ್ ಕಿತ್ತಾಗಲೆಲ್ಲ ಯಂತ್ರದ ಸಮಯ ಅಳಿಸಿಹೋಗುತ್ತಿತ್ತು. ಶೃಂಗೇರಿಯಲ್ಲಿ, ನನ್ನ ಮನೆಯಲ್ಲಿ ಸಮಯ ಇಟ್ಟದ್ದು ಬೇರೆ ಗಡಿಯಾರ ನೋಡಿ. ಇಲ್ಲಿ ಚಿಕ್ಕಪ್ಪ ಈ ಗೋಡೆ ಗಡಿಯಾರ ನೋಡಿಯೇ ಮತ್ತೆ ಸಮಯ ಇಡುತ್ತಿದ್ದರು. ಗಡಿಯಾರ ಹತ್ತು ನಿಮಿಷ ಮುಂದಿದೆ ಎಂದೆ.

ಚಿಕ್ಕಪ್ಪ ನನ್ನನ್ನು ಕನಿಕರದಿಂದ ನೋಡಿದರು. "ಟಿವಿಯವರು ಲೇಟು ಮಾರಾಯ. ಈ ಗಡಿಯಾರ ನೋಡ್ಕೊಂಡು ಮೂವತ್ತೊಂದು ವರ್ಷ ಆಫೀಸಿಗೆ ಹೋಗಿದೀನಿ. ಒಂದು ದಿನ ತಡ ಆಗಿಲ್ಲ."

ಕಚೇರಿಯ ಗಡಿಯಾರವೂ ಹತ್ತು ನಿಮಿಷ ಹಿಂದಿತ್ತಂತೆ. ಸರ್ಕಾರಿ ಗಡಿಯಾರವಲ್ಲವೇ, ಅವರಿಗೆ ಆಶ್ಚರ್ಯವಾಗಿರಲಿಲ್ಲ. ಕೊಪ್ಪಕ್ಕೆ ಬರುವ ಬಸ್ಸುಗಳೂ ಅಷ್ಟೇ ತಡ. ಚಿಕ್ಕಮ್ಮ ತಲೆ ಎತ್ತದೆ ಬೀನ್ಸಿನ ನಾರು ತೆಗೆಯುತ್ತಿದ್ದರು. ನಾನು ವಾದಿಸದೆ, ಯಾರಿಗೂ ಕಾಣದಂತೆ ರೆಕಾರ್ಡಿಂಗನ್ನು ಏಳು ಹತ್ತರಿಂದ ಏಳು ನಲವತ್ತಕ್ಕೆ ಇಟ್ಟೆ. ಮರುದಿನ ಧಾರಾವಾಹಿ ಪೂರ್ತಿ ಬಂತು. ಅರ್ತಿಂಗ್ ಈಗ ಹಿಡಿಯಿತು ಎಂದರು ಚಿಕ್ಕಪ್ಪ. ನೆರೆಯ ಹೆಂಗಸರು ಒಂದು ವಾರ ನೋಡಿ, ಕಥೆ ಮೊದಲಿನಷ್ಟು ಚೆನ್ನಾಗಿಲ್ಲವೆಂದು ಬರುವುದನ್ನೇ ಬಿಟ್ಟರು.

ಇದನ್ನು ಎಷ್ಟೋ ಮದುವೆಮನೆಗಳಲ್ಲಿ ಹೇಳಿ ನಗಿಸಿದ್ದೇನೆ. ಬರೆಯುವ ಮೊದಲು ಒಮ್ಮೆ ಕೇಳೋಣವೆಂದು ನಿನ್ನೆ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಗಡಿಯಾರ ಮುಂದಿದ್ದದ್ದು ನಿಮಗೂ ಗೊತ್ತಿರಲಿಲ್ಲವೇ ಎಂದೆ. ಅವರು ದನಿ ತಗ್ಗಿಸಿದರು.

"ಗೊತ್ತಿಲ್ದೆ ಎಂತ? ಮುಂದೆ ಇಟ್ಟಿದ್ದೇ ನಾನು. ಮದುವೆಯಾದ ಹೊಸತರಲ್ಲಿ ತಡ ಆಯ್ತು ಅಂತ ಆಫೀಸಿನಲ್ಲಿ ಎಲ್ಲರೆದುರು ಬೈಸಿಕೊಂಡು ಬಂದಿದ್ರು. ಆ ದಿನ ಊಟ ಮಾಡ್ಲಿಲ್ಲ. ಗಡಿಯಾರಕ್ಕೆ ಕೀ ಕೊಡೋದು ನನ್ನ ಕೆಲಸ ಆಗಿತ್ತಲ್ಲ, ಹತ್ತು ನಿಮಿಷ ತಿರುಗಿಸಿಟ್ಟೆ. ಇವತ್ತಿಗೂ ಹೇಳಿಲ್ಲ. ನೀನೂ ಹೇಳ್ಬೇಡ."

ಅಷ್ಟರಲ್ಲಿ ಹಿಂದಿನಿಂದ ಚಿಕ್ಕಪ್ಪನ ಕೆಮ್ಮು ಕೇಳಿಸಿತು. ಚಿಕ್ಕಮ್ಮ ಕೂಡಲೇ ಗಟ್ಟಿಯಾಗಿ ಉಪ್ಪಿನಕಾಯಿಯ ವಿಷಯ ಎತ್ತಿದರು.

ಇನ್ನು ಮದುವೆಮನೆಗಳಲ್ಲಿ ಈ ಕಥೆ ಹೇಳುವಂತಿಲ್ಲ. ನಾನು ಬರೆದದ್ದನ್ನು ಚಿಕ್ಕಪ್ಪ ಈವರೆಗೆ ಒಂದು ಸಾಲೂ ಓದಿಲ್ಲ. ಆ ಒಂದೇ ಧೈರ್ಯದ ಮೇಲೆ ನಿಮಗೆ ಹೇಳಿದ್ದೇನೆ. ಕೊಪ್ಪದ ಕಡೆ ಹೋದರೆ ದಯವಿಟ್ಟು ಬಾಯಿ ಬಿಡಬೇಡಿ.