ಒಂದು ಮಣೆಯ ಎತ್ತರ

ಮೊನ್ನೆ ಪಕ್ಕದ ಮನೆಯ ಹುಡುಗ ಸ್ಕೂಟರಿಗೆ ಡಬ್ಬಿಯಿಂದ ಪೆಟ್ರೋಲು ಸುರಿಯುವಾಗ, ಕಟ್ಟೆಯ ಮೇಲೆ ಬಿಸಿಲಿಗೆ ಹರವಿದ್ದ ನನ್ನ ಉಣ್ಣೆಯ ಶಾಲಿನ ಮೇಲೆ ಒಂದಿಷ್ಟು ಚೆಲ್ಲಿದ. ಬೇಕಂತ ಮಾಡಿದ್ದಲ್ಲ, ಪಾಪ. ಶಾಲು ಎತ್ತಿಕೊಂಡು ಒಳಗೆ ಬಂದೆ. ಬಿಸಿಲಿಗೆ ಕಾದ ಉಣ್ಣೆ, ಅದರೊಳಗೆ ಇಳಿದ ಪೆಟ್ರೋಲು... ಆ ಎರಡು ವಾಸನೆ ಒಂದಾಗಿ ನನ್ನ ಮೂಗಿಗೆ ಬಡಿದು ಐವತ್ತು ವರ್ಷವಾದರೂ ಆಗಿರಬೇಕು. ಹಾಸಿಗೆಯ ತುದಿಗೆ ಕೂತುಬಿಟ್ಟೆ. ಈಚೆಗೆ ಕೂತರೆ ಏಳಲು ಬೇಜಾರು, ಎದ್ದರೆ ಕೂರಲು ಬೇಜಾರು. ನೆನಪಿಗೆ ಮಾತ್ರ ಯಾವ ದಣಿವೂ ಇಲ್ಲ, ಕರೆಯದಿದ್ದರೂ ಬಂದು ಕೂರುತ್ತದೆ.

ನಾನು ಧಾರವಾಡದ ಹೊಸಯಲ್ಲಾಪುರದ ಈ ಓಣಿಗೆ ಸೊಸೆಯಾಗಿ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅಕ್ಕಿ, ಸೀಮೆಎಣ್ಣೆ, ಪೆಟ್ರೋಲು ಎಲ್ಲದಕ್ಕೂ ಕೂಪನ್ನು ಇದ್ದ ಕಾಲ. ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಇದ್ದವರು ಕಾಕಾ ಮತ್ತು ಕಾಕು. ಸಂಬಂಧಿಕರಲ್ಲ, ಓಣಿಗೆಲ್ಲ ಅವರು ಕಾಕಾ, ಕಾಕು. ಮಕ್ಕಳಿರಲಿಲ್ಲ. ಕಾಕಾ ಸಾಲೆಯಲ್ಲಿ ಡ್ರಾಯಿಂಗ್ ಮಾಸ್ತರರಾಗಿ ಪೆನ್ಶನ್ ತೆಗೆದುಕೊಂಡವರು. ಕೈ ಸುಮ್ಮನಿರುತ್ತಿರಲಿಲ್ಲ. ಓಣಿಯಲ್ಲಿ ಯಾರದೇ ಗಡಿಯಾರ ನಿಂತರೂ ಹಾರ್ಮೋನಿಯಂ ಕೆಮ್ಮಿದರೂ ಅವರ ಜಗುಲಿಗೆ ಬರುತ್ತಿತ್ತು.

ಕಾಕುಗೆ ಬೆನ್ನುಹುರಿಯ ಬೇನೆ. ಅಂಗಳದಿಂದ ಪಡಸಾಲೆಗೆ ಹತ್ತುವುದೇ ಒಂದು ಯಾತ್ರೆ. ಅವರ ತವರು ಅಮರಗೋಳ. ಹುಬ್ಬಳ್ಳಿಯ ದಾರಿಯಲ್ಲಿ, ಇಲ್ಲೇ ಹೋಗಿ ಇಲ್ಲೇ ಬರುವಷ್ಟು ಹತ್ತಿರ. ಆದರೆ ಟಾಂಗಾ ಒಂದು ಕುಣಿ ದಾಟಿದರೆ ಕಾಕುನ ಕಣ್ಣಲ್ಲಿ ನೀರು. ಒಮ್ಮೆ ರೈಲಿಗೆ ಹತ್ತಿಸಲು ಹೋಗಿ, ಮೆಟ್ಟಿಲು ಎತ್ತರವಾಗಿ, ಗುರುತಿಲ್ಲದ ಗಂಡಸರು ಜೋಳದ ಚೀಲ ಎತ್ತಿದ ಹಾಗೆ ಎತ್ತಿ ಒಳಗೆ ಹಾಕಿದ್ದರಂತೆ. ಅವತ್ತೇ ಆಣೆ ಹಾಕಿದ್ದರು, ಇನ್ನು ರೈಲಿನ ಮುಖ ನೋಡುವುದಿಲ್ಲ ಎಂದು. ಅವರಿಗಿದ್ದ ಆಸೆ ಒಂದೇ. ದಸರೆಯ ಸಂಜೆ ತಮ್ಮ ಕೈಯಾರೆ ಅವ್ವನಿಗೆ ಬನ್ನಿಯ ಎಲೆ ಕೊಟ್ಟು ಕಾಲಿಗೆ ಬೀಳಬೇಕು. ವರ್ಷಾ ವರ್ಷಾ ಆಳಿನ ಕೈಯಲ್ಲಿ ಬನ್ನಿ ಕಳಿಸಿ ಸಾಕಾಗಿತ್ತು.

ಅದಕ್ಕೇ ಕಾಕಾ ಮೋಟಾರು ತಂದರು. ಊರು ಬಿಟ್ಟು ವಿಲಾಯತಿಗೆ ಹೊರಟ ಯಾವನೋ ಸಾಹೇಬನ ಬಂಗಲೆಯ ಹಿಂದೆ ಕೋಳಿಗಳು ಮೊಟ್ಟೆ ಇಡುತ್ತಿದ್ದ ಪುಟ್ಟ ಕಾರು ಅದು. ತಾನಾಗಿ ಬರುವ ಶಕ್ತಿ ಅದಕ್ಕಿರಲಿಲ್ಲ, ಎತ್ತು ಕಟ್ಟಿ ಎಳೆಸಿಕೊಂಡು ಬಂದರು. ಓಣಿಗೆ ಓಣಿಯೇ ಬಾಗಿಲಿಗೆ ಬಂದು ನಕ್ಕಿತು. ಕೊಟ್ಟಿಗೆಯಲ್ಲಿದ್ದ ಆಕಳನ್ನು ನಮ್ಮ ಹಿತ್ತಲಿಗೆ ಕಟ್ಟಿ, ಆ ಜಾಗದಲ್ಲಿ ಕಾರು ನಿಲ್ಲಿಸಿದರು.

"ಆಕಳ ಹೊರಗ, ಮೋಟಾರ ಒಳಗ! ಇನ್ನ ಹಾಲು ಅದೇ ಕೊಡತದೇನ್ರಿ?" ಎಂದರು ಕಾಕು. ಬೈದದ್ದು ಬಾಯಿಂದ ಮಾತ್ರ, ಮುಖದಲ್ಲಿ ಬೇರೆಯೇ ಇತ್ತು.

ಕಾಕಾ ಕೆಲಸ ಮಾಡುವ ರೀತಿಯೇ ಬೇರೆ. ಒಂದು ಬೋಲ್ಟು ಬಿಚ್ಚುವ ಮೊದಲು ಅದನ್ನು ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆಯುವರು. ಬರೆದ ಮೇಲೆಯೇ ಬಿಚ್ಚುವುದು. ಹೀಗೆ ಕಾರು ಕರಗುತ್ತ ಹೋದ ಹಾಗೆ ಗೋಡೆಯ ಮೇಲೆ ಬೆಳೆಯುತ್ತ ಹೋಯಿತು. ದೀಪಾವಳಿಗೆ ಮನೆಯೆಲ್ಲ ಸುಣ್ಣ ಕಂಡರೂ ಆ ಗೋಡೆಗೆ ಮಾತ್ರ ಸುಣ್ಣ ತಾಗಲಿಲ್ಲ. ಕುಣಿ ಬಿದ್ದರೂ ಮೈಗೆ ತಾಗದ ಹಾಗೆ ಸ್ಪ್ರಿಂಗಿನ ಪಟ್ಟಿ ಬೇಕೆಂದು ಹಳೇ ಹುಬ್ಬಳ್ಳಿಯ ಒಬ್ಬ ಕಮ್ಮಾರನ ಹತ್ತಿರ ಹೋಗಿ ದಿನಗಟ್ಟಲೆ ಕೂತು ಬಡಿಸಿಕೊಂಡು ಬಂದರು. ಮುಂದಿನ ಒಂದು ಸೀಟು ಕಿತ್ತು ಕಾಕು ಕಾಲು ಚಾಚಲು ಜಾಗ ಮಾಡಿದರು. ತಗಡು ಕತ್ತರಿಸಿ ಬಾಗಿಲನ್ನು ಅಗಲ ಮಾಡಿದರು.

ಒಂದು ದಿನ ಕಾಕುನ ಮುಂದೆ ಊಟದ ಮಣೆಗಳನ್ನು ತಂದು ಒಂದರ ಮೇಲೊಂದು ಇಟ್ಟರು. "ಹತ್ತು ನೋಡೋಣ." ಒಂದು ಮಣೆಯನ್ನು ಕಾಕು ಹತ್ತಿದರು. ಎರಡು ಇಟ್ಟರೆ ಕಾಲು ಏಳಲಿಲ್ಲ. ಕಾಕಾ ಆ ಒಂದು ಮಣೆಯನ್ನು ಬಗಲಲ್ಲಿ ಇಟ್ಟುಕೊಂಡು ಕೊಟ್ಟಿಗೆಗೆ ಹೋದರು. ಕಾರಿನ ಪಕ್ಕಕ್ಕೆ ಮಡಚುವ ಮೆಟ್ಟಿಲು ಬಂತು, ಸರಿಯಾಗಿ ಒಂದು ಮಣೆಯ ಎತ್ತರಕ್ಕೆ. ಹೆಂಡತಿಯ ಕಾಲು ಎಷ್ಟು ಏಳುತ್ತದೆ ಎಂದು ಅಳೆದು ನೋಡಿದ ಗಂಡಸನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಸೀಟಿನದು ಒಂದು ಫಜೀತಿ ಆಯಿತು. ಹಳೇ ತೊಗಲಿನ ಸೀಟಿಗೆ ತಿಂಗಳಾನುಗಟ್ಟಲೆ ಎಣ್ಣೆ ತಿಕ್ಕಿ ಕನ್ನಡಿಯ ಹಾಗೆ ಮಾಡಿದ್ದರು. ಕಾಕು ಕೊಟ್ಟಿಗೆಯ ಬಾಗಿಲಲ್ಲೇ ನಿಂತರು, ಮುಂದೆ ಬರಲೊಲ್ಲರು.

"ತೊಗಲಿನ ಮ್ಯಾಲೆ ಕೂತು ಮಡೀಲೆ ಅಡಿಗಿ ಮಾಡೋ ಅವ್ವನ ಹತ್ತರ ಹೋಗಲೇನು?"

ಕಾಕಾ ಹಣೆ ಹಣೆ ಬಡಿದುಕೊಂಡರು. ಇಷ್ಟೆಲ್ಲ ಅಳೆದವರಿಗೆ ಅದೊಂದು ಹೊಳೆದಿರಲಿಲ್ಲ! ತೊಗಲೆಲ್ಲ ಕಿತ್ತು, ಹುಬ್ಬಳ್ಳಿಯ ಅರಳೆ ತುಂಬಿ, ಮೇಲೆ ಹೊದಿಸಲು ಮಡಿಗೆ ಬರುವ ಉಣ್ಣೆಯ ದಾವಳಿ ತಂದರು. ಅದನ್ನು ಹೊಲಿದವರು ಕಾಕು ಮತ್ತು ನಾನು. ಸೂಜಿ ಚುಚ್ಚುತ್ತ ಕಾಕು ತವರಿನ ಸುದ್ದಿ ಹೇಳುತ್ತಿದ್ದರು, ಕಾಕಾ ಆಚೆ ಪೆಟ್ರೋಲಿನಲ್ಲಿ ನಟ್ಟು ತೊಳೆಯುತ್ತಿದ್ದರು... ಆ ವಾಸನೆಯೇ ಈಗ ನನ್ನ ಶಾಲಿಗೆ ಹತ್ತಿರುವುದು.

ಮೂರನೆಯ ವರ್ಷದ ದಸರೆಗೆ ಕಾರು ಸಿದ್ಧವಾಯಿತು. ಕೂಪನ್ನಿನ ಪೆಟ್ರೋಲನ್ನು ಜಿಪುಣನ ಹಾಗೆ ಕೂಡಿಹಾಕಿ, ಅಮರಗೋಳಕ್ಕೆ ಹೋಗಿ ಬರುವಷ್ಟು ಮಾಡಿಕೊಂಡಿದ್ದರು. ದಸರೆಯ ದಿನ ಮುಂಜಾನೆ ಹೊರಡುವುದು, ಸಂಜೆ ಬನ್ನಿ ಕೊಡುವುದು ಎಂದು ನಿಶ್ಚಯವಾಯಿತು.

ಹಿಂದಿನ ದಿನ ಖಂಡೇನವಮಿ. ನಮ್ಮ ಕಡೆ ಅವತ್ತು ಮನೆಯ ಕಬ್ಬಿಣವೆಲ್ಲ ದೇವರ ಮುಂದೆ ಹೋಗುತ್ತದೆ. ಈಳಿಗೆ, ಕತ್ತರಿ, ಕೊಡಲಿ ಎಲ್ಲಕ್ಕೂ ಕುಂಕುಮ, ಹೂವು. ಮರುದಿನ ಮುಂಜಾನೆ ಪೂಜೆ ಆಗಿ ಎತ್ತುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಕಾಕಾ ನಟ್ಟು ತಿರುವುವ ತಮ್ಮ ಪಾನಾ, ಸುತ್ತಿಗೆ ಎಲ್ಲ ತಂದು ಜೋಡಿಸಿದರು.

"ಮೋಟಾರ?" ಎಂದರು ಕಾಕು.

"ಅದನ್ನೆಂಗ ದೇವರಮನ್ಯಾಗ ತರಲಿ?"

"ಅದರ ಜೀವ ಎಲ್ಲದ? ಅಷ್ಟರೆ ತಂದು ಇಡ್ರಿ."

ಕಾಕಾ ನಕ್ಕರು. ಹೋಗಿ ಮ್ಯಾಗ್ನೆಟೊ ಬಿಚ್ಚಿಕೊಂಡು ಬಂದರು. ಎಂಜಿನ್ನಿಗೆ ಕಿಡಿ ಕೊಡುವ ಭಾಗ ಅದು. ಅದಿಲ್ಲದಿದ್ದರೆ ಕಾರು ಬರಿ ತಗಡು. ಈಳಿಗೆಯ ಪಕ್ಕದಲ್ಲಿ ಅದನ್ನಿಟ್ಟು ಕಾಕು ಚೆಂಡುಹೂವು ಏರಿಸಿದರು. ಕುಂಕುಮಕ್ಕೆಂದು ಹೋಗಿದ್ದ ನಾನು ಅಲ್ಲೇ ಇದ್ದೆ. ಅಷ್ಟು ಚೆಂದದ ಪೂಜೆ ನಾನು ನೋಡಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಮರಗೋಳದಿಂದ ಅವರ ತವರಿನ ಆಳುಮಗ ಬಂದು ಅಂಗಳದಲ್ಲಿ ನಿಂತ.

"ದೊಡ್ಡವ್ವಾರು ನಿಮ್ಮನ್ನ ಭಾಳ ನೆನಸಾಕತ್ತಾರ್ರೀ ಅಕ್ಕಾರ. ಬಂದು ಹೋಗಬೇಕಂತ."

"ಅವ್ವ ಆರಾಮ ಇದ್ದಾಳಿಲ್ಲೊ?"

"ಹೂನ್ರಿ... ಅಷ್ಟೇನಿಲ್ರಿ. ಗಂಜಿ ಕುಡ್ಯಾಕತ್ತಾರ."

ನಮ್ಮ ಕಡೆ ಹಿರಿಯರು 'ನೆನಸುತ್ತಿದ್ದಾರೆ' ಎಂದು ಆಳು ಬಂದರೆ ಏನರ್ಥ ಎಂಬುದು ಎಲ್ಲರಿಗೂ ಗೊತ್ತು. ಕೆಟ್ಟ ಸುದ್ದಿಯನ್ನು ಯಾರೂ ನೆಟ್ಟಗೆ ಹೇಳುವುದಿಲ್ಲ. ಕಾಕುಗೂ ಗೊತ್ತಿತ್ತು. ಆದರೆ ಗಂಜಿ ಎಂಬ ಮಾತನ್ನು ಅವರು ಗಟ್ಟಿಯಾಗಿ ಹಿಡಿದುಕೊಂಡರು.

ಕಾಕಾ ದೇವರಮನೆಯ ಕಡೆ ನೋಡಿದರು, ಕಾಕುನ ಕಡೆ ನೋಡಿದರು. "ಏನಂತಿ? ತಗೊಂಡು ಕೂಡಿಸಲೇನು? ಒಂದು ತಾಸಿನ ಕೆಲಸ. ಈಗೇ ಹೋಗೋಣ."

"ಬ್ಯಾಡ್ರಿ. ದೇವರ ಮುಂದ ಇಟ್ಟದ್ದು ಎತ್ತಬಾರದು. ಮುಂಜಾನೆ ಹೋದ್ರಾತು."

ಕಾಕಾ ಇನ್ನೂ ಸ್ವಲ್ಪ ಹೊತ್ತು ನಿಂತರು. ಆಮೇಲೆ ಕೊಟ್ಟಿಗೆಗೆ ಹೋಗಿ ಕಾರಿನ ಗಾಜು ಒರೆಸುತ್ತ ಕೂತರು. ಟಾಂಗಾ ತರುವ ಮಾತನ್ನು ಯಾರೂ ಆಡಲಿಲ್ಲ. ಮೂರು ವರ್ಷ ಕೂತು ಮಾಡಿದ ಕಾರು ಮನೆಯಲ್ಲಿ ಇಟ್ಟುಕೊಂಡು ಬೆನ್ನು ಮುರಿಸಿಕೊಳ್ಳಲು ಟಾಂಗಾ ಯಾಕೆ?

ಮುಂಜಾನೆ ಪೂಜೆ ಎತ್ತಿ, ಮ್ಯಾಗ್ನೆಟೊ ಕೂಡಿಸಿ, ಹ್ಯಾಂಡಲು ತಿರುವಿದರೆ ಕಾರು ಒಂದೇ ಸಲಕ್ಕೆ ಹತ್ತಿತು. ಜೊತೆಗಿರಲಿ ಎಂದು ಕಾಕು ನನ್ನ ಅತ್ತೆಯವರನ್ನು ಕೇಳಿ ನನ್ನನ್ನೂ ಕರೆದುಕೊಂಡರು. ಮೆಟ್ಟಿಲ ಮೇಲೆ ಕಾಲಿಟ್ಟು ತಾವಾಗಿಯೇ ಹತ್ತಿದರು. ದಾರಿಯ ಎರಡೂ ಕಡೆ ಎರೆಹೊಲ, ಎಳೆಬಿಸಿಲು. ನವಲೂರು ದಾಟಿದ ಮೇಲೆ ಕಾಕು ಮೆಲ್ಲಗೆ, "ಹೊಟ್ಟ್ಯಾಗಿನ ನೀರು ಅಲಗ್ಯಾಡಲಿಲ್ಲ ನೋಡ್ರಿ," ಎಂದರು. ಕಾಕಾ ತಿರುಗಿ ನೋಡಲಿಲ್ಲ, ಆದರೆ ಕಿವಿ ಕೆಂಪಾದವು. ಅವರ ಮೂರು ವರ್ಷಕ್ಕೆ ಸಿಕ್ಕ ಸಂಬಳ ಆ ಒಂದು ಮಾತು.

ದಸರೆಯ ಮುಂಜಾನೆ. ಅಮರಗೋಳದ ಆ ಓಣಿಯ ಎಲ್ಲ ಮನೆಗಳ ಮುಂದೆ ರಂಗೋಲಿ, ಬಾಗಿಲಿಗೆ ಮಾವಿನ ತೋರಣ. ಒಂದು ಮನೆಯ ಮುಂದೆ ಮಾತ್ರ ನೆಲ ಬರಿದಾಗಿತ್ತು... ಕಾಕು ಅದನ್ನು ಕಾರಿನಿಂದಲೇ ನೋಡಿದರು. ಯಾರೂ ಏನೂ ಹೇಳಬೇಕಾಗಲಿಲ್ಲ. ಮಡಚಿದ ಮೆಟ್ಟಿಲನ್ನು ಕಾಕಾ ಬಿಚ್ಚಿ ಇಟ್ಟರು. ಯಾರ ಕೈಯನ್ನೂ ಹಿಡಿಯದೆ ಕಾಕು ಇಳಿದು ಒಳಗೆ ಹೋದರು.

ಅವ್ವ ಬೆಳಗಿನ ಜಾವಕ್ಕೆ ಹೋಗಿದ್ದರು. "ರಾತ್ರೆಲ್ಲಾ ಬಾಗಲ ಕಡೆನೇ ನೋಡತಿದ್ರು," ಎಂದು ಕಾಕುನ ಅತ್ತಿಗೆ ಅಳುತ್ತ ಹೇಳಿದ್ದನ್ನು ಹೊರಗೆ ನಿಂತ ಕಾಕಾ ಕೂಡ ಕೇಳಿಸಿಕೊಂಡರು.

ಕಾಕು ಅಲ್ಲೇ ಉಳಿದರು, ಕಾಕಾ ಮತ್ತು ನಾನು ಸಂಜೆಗೆ ತಿರುಗಿ ಬಂದೆವು. ಸೂತಕ ಕಳೆದ ಮೇಲೆ ಕರೆತರಲು ಕಾಕಾ ಪೆಟ್ರೋಲಿಗಾಗಿ ಊರೆಲ್ಲ ಅಲೆದು, ಕೈಕಾಲು ಹಿಡಿದು ಒಂದು ಡಬ್ಬಿ ತಂದಿಟ್ಟಿದ್ದರು. ಕಾಕು ಕಾಯಲಿಲ್ಲ. ಚಕ್ಕಡಿಯಲ್ಲಿ ಬಂದರು. ಅಷ್ಟು ದೂರ, ಆ ಬೆನ್ನಿನಲ್ಲಿ, ಎತ್ತಿನ ಚಕ್ಕಡಿಯಲ್ಲಿ! ಗಾಲಿಯ ಸಪ್ಪಳ ಕೇಳಿ ನಾನು ಹೊರಗೆ ಬಂದಾಗ ಕಾಕಾ ಆಗಲೇ ಬಾಗಿಲಿಗೆ ಬಂದಿದ್ದರು, ಕೈಯಲ್ಲಿ ಮಣೆ ಹಿಡಿದುಕೊಂಡು. ಚಕ್ಕಡಿಯ ಕೆಳಗೆ ಅದನ್ನು ಇಟ್ಟರು. ಕಾಕು ಅದರ ಮೇಲೆ ಕಾಲಿಟ್ಟು ಇಳಿದರು.

ಆಮೇಲೆಯೂ ಜಗಳ ಅಂತ ಆಗಲಿಲ್ಲ. ಹೊತ್ತು ಹೊತ್ತಿಗೆ ಊಟ, ಚಹಾ, "ಔಷಧ ತಗೊಂಡೇನು?" ಅಷ್ಟೇ. ಕಾರಿಗೆ ಮತ್ತೆ ಕಾಕು ಹತ್ತಲಿಲ್ಲ. ಒಂದು ಮಧ್ಯಾಹ್ನ ಸೊಪ್ಪು ಸೋಸುತ್ತ, ನಾನು ಏನೂ ಕೇಳದಿದ್ದರೂ ಅಂದರು: "ಅವರು ಕೇಳಿದ್ರು, ನಾ ಬ್ಯಾಡಂದೆ. ಖರೇ. ಆದ್ರ ಇನ್ನೊಮ್ಮೆ ಕೇಳ್ತಾರಂತ ಮಾಡಿದ್ದೆ ತಂಗಿ. ಇನ್ನೊಮ್ಮೆ ಕೇಳಿದ್ರ ಹೂಂ ಅಂತಿದ್ದೆ."

ನಮ್ಮ ಮನೆಗಳಲ್ಲಿ ಮೊದಲ ಸಲಕ್ಕೆ ಯಾರು ಹೂಂ ಅನ್ನುತ್ತಾರೆ? ಎಲೆಗೆ ಹೋಳಿಗೆ ಬಡಿಸಲು ಬಂದರೂ ಬೇಡ ಎಂದು ಕೈ ಅಡ್ಡ ಹಿಡಿಯುವವರೇ ಎಲ್ಲರೂ. ಒತ್ತಾಯ ಮಾಡಿ ಬಡಿಸಬೇಕು, ಆಮೇಲೆ ಉಣ್ಣಬೇಕು. ದೇವರ ವಿಷಯದಲ್ಲೂ ಕಾಕು ಹಾಗೆಯೇ ಕೈ ಅಡ್ಡ ಹಿಡಿದಿದ್ದರು.

ಕಾಕು ತೀರಿಕೊಂಡ ಮೇಲೆ ಕಾಕಾ ಗೋಡೆಯ ಚಿತ್ರ ನೋಡಿಕೊಂಡು ಕಾರನ್ನು ಒಂದೊಂದಾಗಿ ಬಿಚ್ಚಲು ಕೂತರು. ಬಿಚ್ಚಿದ್ದಕ್ಕೆಲ್ಲ ಎಣ್ಣೆ ಹಚ್ಚಿ ಬಟ್ಟೆ ಸುತ್ತಿ ಇಡುವರು. ಒಮ್ಮೆ ಚಹಾ ಕೊಡಲು ಹೋದಾಗ ತಲೆ ಎತ್ತದೆ ಅಂದರು: "ಅಕಿ ಒಮ್ಮೆ ಬ್ಯಾಡ ಅಂದ್ರ ನಾ ಎಂದೂ ಮತ್ತ ಕೇಳಿದವಲ್ಲ ತಂಗಿ. ಅಕಿ ಮಾತು ಮೀರಬಾರದಂತ."

ಲೋಟವನ್ನು ಅವರ ಪಕ್ಕಕ್ಕೆ ಇಟ್ಟೆ. ಕಾಕು ಹೇಳಿದ್ದನ್ನು ಹೇಳಲಿಲ್ಲ. ಹೇಳಿ ಆ ಮುದುಕರ ಮೇಲೆ ಇನ್ನೊಂದು ಕಲ್ಲು ಹೇರಲೇನು? ಕೊನೆಗೆ ಹಳೇ ಹುಬ್ಬಳ್ಳಿಯ ಗುಜರಿಯವನು ಬಂದು ಎಲ್ಲವನ್ನೂ ಚಕ್ಕಡಿಗೆ ಹೇರಿಕೊಂಡು ಹೋದ. ಬಂದದ್ದೂ ಎತ್ತಿನ ಹಿಂದೆ, ಹೋದದ್ದೂ ಎತ್ತಿನ ಹಿಂದೆ. ಮುಂದಿನ ಬೇಸಿಗೆಗೆ ಕಾಕಾ ಹೋದರು. ಮನೆ ಕೊಂಡವರು ಮೊದಲು ಮಾಡಿದ ಕೆಲಸ ಆ ಗೋಡೆಗೆ ಸುಣ್ಣ ಬಳಿದದ್ದು...

ಈಗ ನನ್ನ ಕಾಲೂ ಒಂದು ಮಣೆಗಿಂತ ಮೇಲೆ ಏಳುವುದಿಲ್ಲ. ಅಳೆದು ನೋಡುವವರು ಯಾರೂ ಇಲ್ಲದ್ದರಿಂದ ನಾನೇ ಒಮ್ಮೆ ಹೊಸ್ತಿಲ ಹತ್ತಿರ ಮಣೆ ಇಟ್ಟು ನೋಡಿದೆ. ಎಲ್ಲರೂ ಹೋದರು. ಆ ಜನರ ಹಾಗೆ ಒಬ್ಬರನ್ನೊಬ್ಬರು ಅಷ್ಟು ಹಚ್ಚಿಕೊಂಡೂ ಒಬ್ಬರ ಮನಸ್ಸನ್ನು ಒಬ್ಬರು ಅರಿಯದೆ ಹೋದವರನ್ನು ನಾನು ಮತ್ತೆ ಕಾಣಲಿಲ್ಲ.

ಸಂಜೆ ಆ ಪಕ್ಕದ ಮನೆಯ ಹುಡುಗ ಬಾಗಿಲಿಗೆ ಬಂದು, "ಅಜ್ಜಿ, ಶಾಲು ಕೊಡ್ರಿ, ತೊಳಸಿಕೊಂಡು ಬರ್ತೇನಿ," ಎಂದ.

"ಬ್ಯಾಡ ಬಿಡಪಾ," ಎಂದೆ.

"ಆತ್ರಿ," ಎಂದು ಹೋದ. ಒಳ್ಳೆಯ ಹುಡುಗ. ನಾನು ಇನ್ನೂ ಸ್ವಲ್ಪ ಹೊತ್ತು, ಶಾಲು ಕೈಯಲ್ಲಿ ಹಿಡಿದುಕೊಂಡು, ಬಾಗಿಲಲ್ಲೇ ನಿಂತಿದ್ದೆ.