ಗಡಿಗೆಯಲ್ಲಿ ಸಿಕ್ಕ ಕಡಗೋಲು

ನಿದ್ದೆಯೇ ನನ್ನ ಶತ್ರು ಎಂದು ಮನೆಯವರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಶತ್ರು ನನ್ನ ಅವಸರ. ಅವಸರ ಮಾಡಿ ಮಾಡಿ ಸುಸ್ತಾದ ಮೇಲೆ ಪಾಪ ನಿದ್ದೆ ಬರುತ್ತದೆ, ಅಷ್ಟೇ.

ಆ ಬೇಸಿಗೆಯಲ್ಲಿ ಬಾಗಲಕೋಟೆಯ ನಮ್ಮ ಮನೆಗೆ ಬಣ್ಣ ಹೊಡೆಸುತ್ತಿದ್ದರು. ಅದರ ವಾಸನೆಗೆ ತಲೆ ಸಿಡಿದು, ಪಟ್ಟದಕಲ್ಲಿನ ದೊಡ್ಡವ್ವನ ಮನೆಗೆ ಹೋಗಿ ಹದಿನೈದು ದಿನ ಬಿದ್ದುಕೊಂಡಿದ್ದೆ. ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ. ಎರಡು ಎಮ್ಮೆ ಕಟ್ಟಿದ್ದಾಳೆ. ಬೆಳಿಗ್ಗೆ ರೊಟ್ಟಿ, ಶೇಂಗಾ ಚಟ್ನಿ, ಸಣ್ಣ ಸಣ್ಣ ಮಣ್ಣಿನ ಕುಡಿಕೆಗಳಲ್ಲಿ ಗಟ್ಟಿ ಮೊಸರು ಬುಟ್ಟಿಯಲ್ಲಿಟ್ಟುಕೊಂಡು ಹೋಗಿ ಗುಡಿಗಳ ಗೇಟಿನ ಮುಂದೆ ಕೂರುತ್ತಾಳೆ. ಬಾದಾಮಿಯ ಬಸ್ಸು ಬಂದಾಗಲೆಲ್ಲ ಜನ ಇಳಿಯುತ್ತಾರೆ, ಗುಡಿ ನೋಡಿ, ಇವಳ ಮೊಸರು ತಿಂದು, ಕುಡಿಕೆಯ ಅಂಚನ್ನು ಬೆರಳಿನಿಂದ ಸವರುತ್ತಾರೆ.

ಆ ಮೊಸರಿನ ತಾಯಿ ಅಡುಗೆಮನೆಯ ಮೂಲೆಯಲ್ಲಿದ್ದ ಒಂದು ಹಳೆಯ ಕರಿ ಗಡಿಗೆ. ದೊಡ್ಡವ್ವನ ಅತ್ತೆ ಅದರಲ್ಲಿ ಹೆಪ್ಪು ಹಾಕುತ್ತಿದ್ದಳಂತೆ, ಅವಳ ಅತ್ತೆಯೂ ಹಾಕುತ್ತಿದ್ದಳಂತೆ. ದಿನಾ ಸ್ವಲ್ಪ ಮೊಸರು ತಳದಲ್ಲಿ ಉಳಿಸಿ ಅದರ ಮೇಲೆ ಹಾಲು ಸುರಿಯುವುದು. ಗಡಿಗೆ ಖಾಲಿ ಆದದ್ದನ್ನು ಕಂಡವರೇ ಇಲ್ಲ. ಬೆಳಗಾದರೆ ಓಣಿಯ ಹೆಂಗಸರು ಬಟ್ಟಲು ಹಿಡಿದು ಹೆಪ್ಪಿಗೆ ಬರುತ್ತಿದ್ದರು. ದೊಡ್ಡವ್ವ ಒಬ್ಬರ ಮನೆಗೂ ಹೆಪ್ಪು ಕೇಳಲು ಹೋದವಳಲ್ಲ. ಅದು ಅವಳ ದೊಡ್ಡ ಜಂಬ, ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದಳು ಕೂಡ.

ಒಂದು ಮಧ್ಯಾಹ್ನ ಅವಳು ಗೇಟಿನ ಹತ್ತಿರ ಇದ್ದಾಗ ನನಗೆ ಮಜ್ಜಿಗೆ ಕುಡಿಯುವ ಆಸೆಯಾಯಿತು. ಹಿಂದಿನ ದಿನವಷ್ಟೇ ಕುಳಗೇರಿ ಕ್ರಾಸಿನಲ್ಲಿ ಒಂದು ಕಡಗೋಲು ಕೊಂಡಿದ್ದೆ. ಬಿಸಿಲಿನಲ್ಲಿ ತಿಂಗಳುಗಟ್ಟಲೆ ಅಂಗಡಿಯ ಮುಂದೆ ನೇತಾಡಿ ಒಣಗಿ ಹಗುರಾಗಿದ್ದ ಕಡಗೋಲು. ಮಜ್ಜಿಗೆ ಕಡೆಯಲು ಬೇರೆ ಸ್ಟೀಲಿನ ಪಾತ್ರೆ ಇದೆ ಎಂಬುದು ಗೊತ್ತಿತ್ತು, ಆದರೆ ಅದನ್ನು ಹುಡುಕುವಷ್ಟು ತಾಳ್ಮೆ ಯಾರಿಗಿದೆ? ಕರಿ ಗಡಿಗೆಗೇ ನೀರು ಸುರಿದು ಕಡಗೋಲಿನ ತಲೆಯನ್ನು ಒತ್ತಿದೆ. ಸ್ವಲ್ಪ ಬಿಗಿಯಾಗಿಯೇ ಒಳಗೆ ಹೋಯಿತು. ಹತ್ತು ಸಲ ತಿರುಗಿಸಿ, ಒಂದು ಲೋಟ ಬಗ್ಗಿಸಿಕೊಂಡು ಕುಡಿದು, ಕಡಗೋಲನ್ನು ಒಳಗೇ ಬಿಟ್ಟು ಹೊಸ್ತಿಲ ಹತ್ತಿರ ತಣ್ಣನೆಯ ನೆಲದ ಮೇಲೆ ಮಲಗಿದೆ.

ಆ ನಿದ್ದೆ ಇನ್ನೂ ನೆನಪಿದೆ. ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ಗಾಳಿಯೊಳಗೆ ಎಮ್ಮೆಗಳ ಮೆಲುಕಿನ ಸದ್ದು, ಎಲ್ಲೋ ದೂರದಲ್ಲಿ ಬಸ್ಸಿನ ಹಾರ್ನು, ಹುಳಿಮೊಸರಿನ ವಾಸನೆ. ನಾನು ಕನಸಿನಲ್ಲಿ ಯಾವುದೋ ಕಲ್ಲಿನ ಕಂಬಗಳ ನಡುವೆ ನಡೆಯುತ್ತಿದ್ದೆ, ಕಂಬಗಳು ಬಿಸಿಲಿಗೆ ಜೇನಿನ ಬಣ್ಣಕ್ಕೆ ತಿರುಗುತ್ತಿದ್ದವು. ಎದ್ದಾಗ ಸಂಜೆಯಾಗಿತ್ತು. ಕಡಗೋಲು ನೀರು ಕುಡಿದು ಉಬ್ಬಿ, ಎಷ್ಟೆಳೆದರೂ ಗಡಿಗೆಯ ಕೊರಳಿನಿಂದ ಮೇಲೆ ಬರಲೊಲ್ಲದು.

ಅಲ್ಲಿಗೆ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. ಫೋನಿನಲ್ಲಿ ನೋಡಿದೆ. ಸಿಕ್ಕಿಬಿದ್ದದ್ದಕ್ಕೆ ಬಿಸಿನೀರು ಸುರಿಯಿರಿ ಎಂದು ಯಾರೋ ನಗುನಗುತ್ತ ಹೇಳುತ್ತಿದ್ದರು. ಒಳಗಿದ್ದ ಮಜ್ಜಿಗೆಯನ್ನೆಲ್ಲ ಎಮ್ಮೆಯ ಬಾನಿಗೆ ಬಗ್ಗಿಸಿ, ಗಡಿಗೆಗೆ ಕುದಿಯುವ ನೀರು ಹೊಯ್ದೆ. ಸ್ಟೀಲಿಗೆ ಸ್ಟೀಲು ಸಿಕ್ಕಿದ್ದರೆ ಆಗುತ್ತಿತ್ತೇನೋ. ಕಟ್ಟಿಗೆ ಇನ್ನಷ್ಟು ಉಬ್ಬಿತು. ಹೆಪ್ಪೆಲ್ಲ ಸತ್ತಿತು.

ದೊಡ್ಡವ್ವ ಬಂದು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಗಡಿಗೆಯ ಮುಂದೆ ಕುಳಿತು ಅದರ ಹೊಟ್ಟೆಯನ್ನು ಸವರಿದಳು. ನನಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಅವತ್ತಿನ ಮೊಸರೆಲ್ಲ ಗೇಟಿನಲ್ಲೇ ಮಾರಿಹೋಗಿತ್ತು. ಮನೆಯಲ್ಲಿ ಒಂದು ಚಮಚ ಹೆಪ್ಪೂ ಇರಲಿಲ್ಲ.

ಅವಳು ಅಷ್ಟಕ್ಕೇ ಸೋಲುವವಳಲ್ಲ. ಇಷ್ಟು ವರ್ಷ ಮೊಸರು ಕುಡಿದ ಮಣ್ಣು, ಅದರ ಮೈಯೊಳಗೇ ಹೆಪ್ಪು ಇದ್ದೇ ಇರುತ್ತದೆ ಎಂದು ಉಗುರುಬೆಚ್ಚಗಿನ ಹಾಲು ಹೊಯ್ದಳು. ಕಡಗೋಲಿನ ಕಾವು ಜುಟ್ಟಿನಂತೆ ಮೇಲೆ ಎದ್ದು ನಿಂತಿದ್ದ ಗಡಿಗೆಯನ್ನು ಹಾಗೆಯೇ ಬಟ್ಟೆ ಸುತ್ತಿ ಮೂಲೆಯಲ್ಲಿಟ್ಟಳು. ಮರುದಿನ ಹಾಲು ಒಡೆದು ನಾರುತ್ತಿತ್ತು. ಇನ್ನೊಂದು ದಿನ ಹಾಗೆಯೇ ಮಾಡಿದಳು, ಮತ್ತೆ ಅದೇ ಕತೆ.

ಎರಡು ದಿನವೂ ಬುಟ್ಟಿಯಲ್ಲಿ ಬರೀ ರೊಟ್ಟಿ ಹೋಯಿತು. ಬಡಗಿಯನ್ನು ಕರೆಯುತ್ತೇನೆ, ಒಳಗೇ ಉಳಿಯಿಂದ ಸೀಳಿ ತೆಗೆಯಲಿ ಎಂದೆ. ಅವಳು ಗಡಿಗೆಯನ್ನು ನನ್ನಿಂದ ಇನ್ನಷ್ಟು ದೂರ ಸರಿಸಿಟ್ಟಳು. ಕೊನೆಗೆ ಅವಳೇ ಕೆಳಗಿನ ಓಣಿಯ ಮುದುಕ ಕುಂಬಾರನನ್ನು ಕರೆಸಿದಳು. ಅವನು ಕಾವನ್ನು ಎರಡು ಬೆರಳಿನಿಂದ ಅಲುಗಿಸಿ ನೋಡಿ, ಗಡಿಗೆಗೆ ಕಿವಿಗೊಟ್ಟು ಒಮ್ಮೆ ತಟ್ಟಿದ.

"ಹಾಲು ಹಾಕೂದು ಬಿಡ್ರಿ ಯಕ್ಕಾರ. ಕುಡ್ಯಾಕ ಸಿಗಲಿಲ್ಲಂದ್ರ ಕಟಗಿ ತಾನ ಸಣ್ಣ ಆಗತೈತಿ. ನೆರಳಾಗ ಇಡ್ರಿ, ಗಾಳಿ ಆಡ್ಲಿ. ಬಿಸಲಿಗೆ ಇಟ್ರ ಗಡಗಿ ಸೀಳತೈತಿ."

ಆಮೇಲೆ ತಡೆದು ತಡೆದು ಇನ್ನೊಂದು ಮಾತು ಹೇಳಿದ. ಕಟ್ಟಿಗೆಯ ಜೊತೆ ಗಡಿಗೆಯೂ ಒಣಗುತ್ತದೆ, ಮಣ್ಣಿನೊಳಗೆ ಏನಾದರೂ ಜೀವ ಉಳಿದಿದ್ದರೆ ಅದೂ ಹೋಗುತ್ತದೆ, ಹೆಪ್ಪು ಹೊರಗಿನಿಂದಲೇ ತರಬೇಕು ಎಂದು.

ಹೊರಗಿನಿಂದ ಎಂದರೆ ಎಲ್ಲಿಂದ? ನಾನು ಅಂಗಡಿಯ ಪ್ಯಾಕೆಟ್ ಮೊಸರಿನ ಹೆಸರೆತ್ತಿದೆ, ದೊಡ್ಡವ್ವ ಮೂರು ದಿನದಲ್ಲಿ ಮೊದಲ ಸಲ ನಕ್ಕಳು. ಓಣಿಯವರು ನಮ್ಮಲ್ಲಿಂದ ಒಯ್ದ ಹೆಪ್ಪೆಲ್ಲ ಅವರವರ ಮನೆಯಲ್ಲಿ ನಿಂಬೆಹುಳಿ, ಪ್ಯಾಕೆಟ್ಟು ಸೇರಿ ಕಲಬೆರಕೆಯಾಗಿತ್ತು. ಅತ್ತೆಯ ಕಾಲದ ಹೆಪ್ಪು ಒಂದು ದಿನವೂ ತಪ್ಪದೆ ನಡೆದದ್ದು ಇನ್ನೊಂದೇ ಮನೆಯಲ್ಲಿ. ಅದು ನಡುಗೋಡೆಯ ಆಚೆ ಇದ್ದ ಅವಳ ನೆಗೆಣ್ಣಿಯ ಮನೆ. ನೆಗೆಣ್ಣಿ ಎಂದರೆ ಮೈದುನನ ಹೆಂಡತಿ. ಮನೆ ಪಾಲಾದ ದಿನ ಅತ್ತೆ ಹಿರಿಸೊಸೆಗೆ ಗಡಿಗೆ ಕೊಟ್ಟು, ಕಿರಿಸೊಸೆಗೆ ಒಂದು ಬಟ್ಟಲು ಹೆಪ್ಪು ಕೊಟ್ಟಿದ್ದಳು. ಗಡಿಗೆ ಯಾಕೆ ಅವಳಿಗೇ ಎಂದು ಆವತ್ತು ಜಗಳವಾಯಿತು. ಹನ್ನೊಂದು ವರ್ಷ ಇಬ್ಬರೂ ಒಂದು ಮಾತು ಆಡಿರಲಿಲ್ಲ.

ನಾನು ಹೋಗಿ ಕೇಳಿಕೊಂಡು ಬರುತ್ತೇನೆ ಎಂದೆ. ಬೇಡವೆಂದಳು. ಗಡಿಗೆಯನ್ನು ಮಾತ್ರ ಪಡಸಾಲೆಯ ನೆರಳಿಗೆ ತಂದಿಟ್ಟಳು.

ಅಲ್ಲಿಂದ ಮೂರು ದಿನ ನಾವಿಬ್ಬರೂ ಗಡಿಗೆಯನ್ನು ನೋಡುತ್ತ ಕುಳಿತೆವು. ನನ್ನ ಜೀವನದಲ್ಲಿ ಅಷ್ಟು ಹೊತ್ತು ಏನನ್ನೂ ಮಾಡದೆ ಕುಳಿತದ್ದು ಅದೇ ಮೊದಲು. ಬಿಸಿಲು ಅಂಗಳದಲ್ಲಿ ನಿಧಾನವಾಗಿ ಸರಿದು ಗೋಡೆ ಹತ್ತುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಗಡಿಗೆಯ ಕರಿ ಮೈ ದಿನದಿನಕ್ಕೆ ಬೂದಿ ಬಣ್ಣಕ್ಕೆ ತಿರುಗಿತು. ಎಚ್ಚರವೋ ನಿದ್ದೆಯೋ ತಿಳಿಯದ ಆ ಹೊತ್ತಿನಲ್ಲಿ, ಕಟ್ಟಿಗೆಯೊಳಗಿನ ನೀರು ಒಂದೊಂದೇ ಉಸಿರಾಗಿ ಹೊರಗೆ ಹೋಗುವುದು ನನಗೆ ಕೇಳಿಸುತ್ತಿದೆ ಅನ್ನಿಸುತ್ತಿತ್ತು. ದೊಡ್ಡವ್ವ ಅತ್ತೆಯ ಸುದ್ದಿ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ನೆಗೆಣ್ಣಿಯ ಹೆಸರು ಬಂದಲ್ಲಿ ನಿಲ್ಲಿಸಿ, ಎಮ್ಮೆಗೆ ನೀರು ಇಡಲು ಎದ್ದುಹೋಗುತ್ತಿದ್ದಳು.

ಮೂರನೆಯ ದಿನ ಇಳಿಹೊತ್ತಿನಲ್ಲಿ ಅವಳು ಕಾವನ್ನು ಹಿಡಿದು, ಎಳೆಯದೆ, ಸುಮ್ಮನೆ ತಿರುಗಿಸುತ್ತ ಹೋದಳು. ಒಂದು ಸುತ್ತು, ಎರಡು ಸುತ್ತು. ಕಡಗೋಲು ಕೊರಳು ದಾಟಿ ಕೈಗೆ ಬಂತು. ಗಡಿಗೆಗೆ ಕೂದಲೆಳೆಯಷ್ಟೂ ಬಿರುಕಿಲ್ಲ. ನಾನು ಸಣ್ಣ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದೆ. ಅವಳು ಗಡಿಗೆಯೊಳಗೆ ಇಣುಕಿ ನೋಡಿದಳು. ಒಳಗೆ ಏನೂ ಇರಲಿಲ್ಲ.

ಗಡಿಗೆಯನ್ನು ತೊಳೆದು ಒಲೆಯ ಹೊಗೆಗೆ ಹಿಡಿದಳು. ಎಮ್ಮೆ ಹಿಂಡಿ ಹಾಲು ಕಾಸಿ ಆರಲು ಇಟ್ಟಳು. ಒಂದು ಬಟ್ಟಲು ತೊಳೆದಳು, ಒರೆಸಿದಳು, ಮತ್ತೆ ತೊಳೆದಳು. ನಮ್ಮ ಕಡೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಹಾಲು ಮೊಸರು ಹೆಪ್ಪು ಯಾವುದನ್ನೂ ಮನೆಯಿಂದ ಹೊರಗೆ ಕೊಡುವುದಿಲ್ಲ, ಲಕ್ಷ್ಮಿ ಹೋಗುತ್ತಾಳೆ ಎನ್ನುತ್ತಾರೆ. ಹೊತ್ತು ಮುಳುಗುತ್ತಿದೆ ಎಂದು ನಾನು ಎರಡು ಸಲ ನೆನಪಿಸಿದೆ. ಅವಳು ಬಾಗಿಲವರೆಗೆ ಹೋಗಿ ತಿರುಗಿ ಬಂದಳು. ಓಣಿಯ ದೀಪಗಳು ಹತ್ತಿದ ಮೇಲೆ, ಇನ್ನೇನು ತಡವಾಯಿತು, ನಾಳೆ ನೋಡೋಣ ಎಂದಳು. ನನಗೆ ಗೊತ್ತಿತ್ತು, ನಾಳೆ ಅವಳು ಹೋಗುವುದಿಲ್ಲ. ಕೈ ಹಿಡಿದು ಎಳೆದುಕೊಂಡೇ ಹೋದೆ. ಅವಸರದಿಂದ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

ಹತ್ತು ಹೆಜ್ಜೆಯ ದಾರಿ. ನೆಗೆಣ್ಣಿ ಬಾಗಿಲಲ್ಲೇ ಕುಳಿತಿದ್ದಳು. ದೊಡ್ಡವ್ವ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಹೊತ್ತು ಮೀರಿತೇನೋ ಎಂದು ನೆಲ ನೋಡುತ್ತ ಅಂದಳು. ಅದಕ್ಕಿಂತ ಹೆಚ್ಚು ಕೇಳಲು ಅವಳಿಂದ ಆಗಲಿಲ್ಲ. ನೆಗೆಣ್ಣಿ ಎದ್ದು, ಬಟ್ಟಲನ್ನು ತಾನೇ ಸೆರಗಿನಿಂದ ಬಿಡಿಸಿಕೊಂಡಳು. ಅವಳ ಹಿಂದೆ ನಡುಮನೆಯಲ್ಲಿ ಟ್ಯೂಬ್‌ಲೈಟು ಉರಿಯುತ್ತಿತ್ತು, ದೇವರ ಗೂಡು ಮಾತ್ರ ಕತ್ತಲಾಗಿತ್ತು.

"ಕುಂಬಾರ ಹೇಳಿದ್ದು ಗ್ವಾಡಿ ಈಚಿಗೆ ಕೇಳಸ್ತು ಅಕ್ಕ. ಇವತ್ತಿಗಿ ಮೂರು ಸಂಜಿ ಆತು, ನಾ ದೀಪಾ ಹಚ್ಚಿಲ್ಲ. ಹಚ್ಚಿದ ಮ್ಯಾಲೆ ನೀ ಬಂದ್ರ ಹೆಂಗ ಕೊಡ್ಲಿ?"

ಅವಳು ಬಟ್ಟಲು ತುಂಬಿ ನನ್ನ ಕೈಗೆ ಕೊಟ್ಟಳು. ದೊಡ್ಡವ್ವ ಹನ್ನೊಂದು ವರ್ಷದ ಮೇಲೆ ಆ ಮನೆಯ ಹೊಸ್ತಿಲ ಮೇಲೆ ಕುಳಿತು ಅಳತೊಡಗಿದಳು.